ಒಂದು ಊರು ಪೂರ್ತಿ ಮುಗಿಸಲು ಬಿಟ್ಟಾಗ

2024ರ ಆಗಸ್ಟ್ 1ರಿಂದ ರಾಜ್ಯ ಸರ್ಕಾರಿ ನೌಕರರಿಗೆ ಏಳನೇ ವೇತನ ಆಯೋಗದ ಸಂಬಳ ಜಾರಿಗೆ ಬಂತು. ಅದಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಸೆಪ್ಟೆಂಬರ್ 26ಕ್ಕೆ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಕೆಲಸ ನಿಲ್ಲಿಸಿ ತಾಲ್ಲೂಕು ಕಚೇರಿಗಳ ಮುಂದೆ ಕೂತೆವು. ಊರಿಂದ ಅಪ್ಪ ಫೋನ್ ಮಾಡಿದರು. "ಈಗ ತಾನೆ ಸಂಬಳ ಜಾಸ್ತಿ ಮಾಡಿದಾರೆ, ಇನ್ನೇನು ಬೇಕಂತೆ ನಿಮಗೆ?" ಅಂತ ಕೇಳಿದರು. ಅವರು ಕೇಳಿದ್ದು ತಪ್ಪಲ್ಲ. ಹೊರಗಿನಿಂದ ನೋಡುವ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಸುತ್ತ ಘೋಷಣೆ ಕೂಗುತ್ತಿದ್ದರು, ಅವತ್ತು ಸರಿಯಾಗಿ ವಿವರಿಸಲು ಆಗಲಿಲ್ಲ. ಈಗ ಬರೆಯುತ್ತಿದ್ದೇನೆ.

ನಾನು ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿ ವಿಎ. ಹುದ್ದೆಯ ಹೆಸರು ಗ್ರಾಮ ಲೆಕ್ಕಾಧಿಕಾರಿ ಹೋಗಿ ಗ್ರಾಮ ಆಡಳಿತ ಅಧಿಕಾರಿ ಆಗಿದೆ, ಆದರೆ ಊರಿನವರ ಬಾಯಲ್ಲಿ ಇನ್ನೂ ವಿಎ ಮೇಡಂ. ವಯಸ್ಸಾದ ಕೆಲವರಿಗೆ ನಾವು ಈಗಲೂ ಶಾನುಭೋಗರು. ವಂಶಪಾರಂಪರ್ಯವಾಗಿ ಬರುತ್ತಿದ್ದ ಶಾನುಭೋಗಿಕೆ, ಪಟೇಲಿಕೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಆಮೇಲೆ ಆ ಲೆಕ್ಕದ ಪುಸ್ತಕಗಳು ಸರ್ಕಾರ ನೇಮಿಸಿದ ನಮ್ಮಂಥವರ ಕೈಗೆ ಬಂದವು. ನಮ್ಮ ಬ್ಯಾಚಿಗೆ ಪಿಯುಸಿ ಅಂಕ ನೋಡಿ ಜಿಲ್ಲಾ ಮಟ್ಟದಲ್ಲೇ ಆಯ್ಕೆ ಮಾಡಿದ್ದರು. ತಾತ ತೀರಿಕೊಂಡ ಮೇಲೆ ನಮ್ಮ ಜಮೀನಿನ ಖಾತೆ ಅಪ್ಪನ ಹೆಸರಿಗೆ ಬರಲು ವರ್ಷಗಟ್ಟಲೆ ಹಿಡಿದಿತ್ತು. ಅಪ್ಪ ಬಸ್ ಚಾರ್ಜಿಗೆ ದುಡ್ಡು ಹೊಂದಿಸಿಕೊಂಡು ತಾಲ್ಲೂಕಿಗೆ ಹೋಗಿ ಬರುವುದನ್ನು ನೋಡಿ ಬೆಳೆದವಳು ನಾನು. ಹಾಗಾಗಿ ಈ ಕೆಲಸ ಸಿಕ್ಕಾಗ ನನಗೆ ಆದ ಖುಷಿ ಸಂಬಳದ್ದು ಮಾತ್ರ ಅಲ್ಲ. ಜಮೀನು ಯಾರದ್ದು ಅಂತ ಹೇಳುವ ಆ ಪಾಣಿ (ಪಹಣಿ) ಒಂದು ಮನೆಗೆ ಏನು ಅಂತ ನನಗೆ ಗೊತ್ತಿತ್ತು.

ಮೊದಲ ಕೆಲವು ವರ್ಷ ಆ ಹುಮ್ಮಸ್ಸು ಹಾಗೇ ಇತ್ತು. ಕೆಲಸ ಆಗಲೂ ಕಡಿಮೆ ಇರಲಿಲ್ಲ. ಜಾತಿ ಆದಾಯ ಪ್ರಮಾಣಪತ್ರದ ಅರ್ಜಿಗೆ ವರದಿ, ವೃದ್ಧಾಪ್ಯ ಮತ್ತು ವಿಧವಾ ವೇತನಕ್ಕೆ ಮನೆ ಪರಿಶೀಲನೆ, ವಂಶವೃಕ್ಷ, ಮಳೆಗೆ ಮನೆ ಬಿದ್ದರೆ ಮಹಜರು, ಸಿಡಿಲಿಗೆ ಹಸು ಸತ್ತರೆ ಮಹಜರು, ಚುನಾವಣೆ ಬಂದರೆ ಮತದಾರರ ಪಟ್ಟಿ, ಬೆಳೆ ಸಮೀಕ್ಷೆ, ಕಂದಾಯ ವಸೂಲಿ. ಪಟ್ಟಿ ಉದ್ದ ಇದೆ ಅನ್ನಿಸಬಹುದು. ಆದರೆ ಪ್ರತಿಯೊಂದಕ್ಕೂ ಒಬ್ಬ ಮನುಷ್ಯ ಇರುತ್ತಿದ್ದ, ಒಂದು ಮುಕ್ತಾಯ ಇರುತ್ತಿತ್ತು. ಅಜ್ಜಿಗೆ ಪೆನ್ಷನ್ ಮಂಜೂರಾದರೆ ಮುಂದಿನ ಸಲ ಆ ಬೀದಿಗೆ ಹೋದಾಗ ಅಜ್ಜಿಯೇ ಕರೆದು ಹೇಳುತ್ತಿದ್ದಳು.

ಆಮೇಲೆ ಆ್ಯಪ್‌ಗಳು ಬಂದವು. ನಾನು ತಂತ್ರಜ್ಞಾನದ ವಿರೋಧಿ ಅಲ್ಲ. ಭೂಮಿ ಯೋಜನೆ ಬಂದು ಕೈಬರಹದ ಪಾಣಿ ಹೋಗಿದ್ದು ರೈತರಿಗೆ ಎಷ್ಟು ದೊಡ್ಡ ಅನುಕೂಲ ಅಂತ ನಮ್ಮ ಮನೆಯಲ್ಲೇ ನೋಡಿದ್ದೇನೆ. ತೊಂದರೆ ಬಂದಿದ್ದು ಎಲ್ಲವೂ ಒಟ್ಟಿಗೆ, ಒಬ್ಬರೇ ಮನುಷ್ಯರ ಒಂದೇ ಫೋನಿಗೆ ಬಂದಾಗ. ಪಾಣಿಗೆ ಆಧಾರ್ ಜೋಡಿಸಲು, ಅಂದರೆ ಸೀಡಿಂಗ್‌ಗೆ, ಒಂದು. ಸರ್ಕಾರಿ ಜಮೀನು ಒತ್ತುವರಿ ಆಗಿದೆಯಾ ನೋಡಲು ಲ್ಯಾಂಡ್ ಬೀಟ್ ಅಂತ ಒಂದು. ಬಗರ್ ಹುಕುಂಗೆ (ಸರ್ಕಾರಿ ಜಮೀನು ಉಳುತ್ತಿರುವವರ ಸಕ್ರಮದ ಅರ್ಜಿಗಳಿಗೆ) ಒಂದು, ಹಕ್ಕುಪತ್ರಕ್ಕೆ ಒಂದು, ಪೆನ್ಷನ್‌ಗೆ ನವೋದಯ, ಮತದಾರರ ಪಟ್ಟಿಗೆ ಗರುಡ, ಬೆಳೆ ಸಮೀಕ್ಷೆಗೆ ಬೇರೆ, ಕಡತಗಳಿಗೆ ಇ-ಆಫೀಸ್. ಮುಷ್ಕರದ ಹೊತ್ತಿಗೆ ಎಲ್ಲ ಸೇರಿ 17ಕ್ಕೂ ಜಾಸ್ತಿ ಆಗಿದ್ದವು. ಫೋನ್ ನಮ್ಮದು, ಡೇಟಾ ನಮ್ಮದು, ಬೈಕಿನ ಪೆಟ್ರೋಲೂ ಹೆಚ್ಚುಕಡಿಮೆ ನಮ್ಮದೇ.

ಲ್ಯಾಂಡ್ ಬೀಟ್ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಪ್ರತಿ ಸರ್ಕಾರಿ ಸರ್ವೆ ನಂಬರಿಗೂ ಖುದ್ದಾಗಿ ಹೋಗಬೇಕು. ಗೋಮಾಳ, ಕೆರೆ, ಖರಾಬು, ಸ್ಮಶಾನ ಎಲ್ಲ. ಅಲ್ಲಿ ನಿಂತು ಲೊಕೇಶನ್ ತೆಗೆದುಕೊಂಡು ಫೋಟೊ ಹಾಕಬೇಕು. ನನ್ನ ವೃತ್ತದ, ಅಂದರೆ ನನಗೆ ವಹಿಸಿದ ಊರುಗಳ, ಒಂದು ಗೋಮಾಳ ಜಾಲಿ ಬೆಳೆದು ಪೂರ್ತಿ ಮುಚ್ಚಿಹೋಗಿದೆ. ಗ್ರಾಮ ಸಹಾಯಕರು ಮುಂದೆ ಮಚ್ಚು ಹಿಡಿದು ದಾರಿ ಮಾಡುತ್ತಾರೆ, ನಾನು ಹಿಂದೆ ಫೋನ್ ಹಿಡಿದು ಹೋಗುತ್ತೇನೆ. ಒಳಗೆ ಸಿಗ್ನಲ್ ಇಲ್ಲ. ಫೋಟೊ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಹೊರಗೆ ಬಂದು ದಿಬ್ಬ ಹತ್ತಿದರೆ ಸಿಗ್ನಲ್ ಸಿಗುತ್ತದೆ, ಆದರೆ ಲೊಕೇಶನ್ ಗಡಿಯಿಂದ ಆಚೆ ಅಂತ ತೋರಿಸುತ್ತದೆ. ಮತ್ತೆ ಒಳಗೆ. ಅಷ್ಟರಲ್ಲಿ ಫೋನ್ ಬರುತ್ತದೆ: ನಿಮ್ಮ ಆಧಾರ್ ಸೀಡಿಂಗ್ ಪೆಂಡೆನ್ಸಿ ಜಾಸ್ತಿ ಇದೆ, ಸಂಜೆಯೊಳಗೆ ಇಷ್ಟು ಆಗಬೇಕು. ಸರ್ಕಾರಿ ಜಮೀನು ಉಳಿಯಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆ ಗೋಮಾಳದಲ್ಲಿ ನಿಜವಾಗಿ ಯಾರು ಬೇಲಿ ಹಾಕುತ್ತಿದ್ದಾರೆ ಅಂತ ನಾಲ್ಕು ಜನರನ್ನು ಕೇಳಿ ತಿಳಿಯಲು ಮಾತ್ರ ನನಗೆ ಪುರುಸೊತ್ತೇ ಇರುವುದಿಲ್ಲ. ಫೋಟೊ ಹೋದರೆ ಅವತ್ತಿನ ಕೆಲಸ ಆಯಿತು ಅಂತ ಲೆಕ್ಕ.

ಪ್ರತಿ ಆ್ಯಪ್‌ಗೂ ಒಂದೊಂದು ವಾರ ಬರುತ್ತಿತ್ತು. ಸೋಮವಾರ ಎಲ್ಲರೂ ಆಧಾರ್ ಸೀಡಿಂಗ್ ಮಾಡಿ ಅನ್ನುತ್ತಿದ್ದರು. ಗುರುವಾರ ಅದನ್ನು ಬಿಟ್ಟು ಬಗರ್ ಹುಕುಂ. ಬಗರ್ ಹುಕುಂ ಅರ್ಧಕ್ಕೆ ಬರುವ ಹೊತ್ತಿಗೆ ಮತದಾರರ ಪಟ್ಟಿ. ಸಂಜೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಎಕ್ಸೆಲ್ ಪಟ್ಟಿಯ ಫೋಟೊ. ಮೇಲಿರುವವರಿಗೆ ಹಸಿರು, ಕೆಳಗಿರುವವರಿಗೆ ಕೆಂಪು. ರಾತ್ರಿ ಊಟದ ಹೊತ್ತಿಗೆ ಗೂಗಲ್ ಮೀಟ್. ಕೆಂಪಿನಲ್ಲಿರುವವರ ಹೆಸರು ಹಿಡಿದು ಕೇಳುತ್ತಾರೆ. ಭಾನುವಾರ, ಎರಡನೇ ಶನಿವಾರ ಅನ್ನುವುದು ಕ್ಯಾಲೆಂಡರಿನಲ್ಲಿ ಮಾತ್ರ ಉಳಿಯಿತು. ಮಗಳ ಶಾಲೆಯ ಪೋಷಕರ ಸಭೆಗೆ ಹೋಗಿ ಕೂತರೂ ಕೈಯಲ್ಲಿ ಫೋನ್ ಗುಂಯ್‌ಗುಡುತ್ತಿತ್ತು.

ಮನಸ್ಸು ಒಂದೇ ದಿನ ಸೋಲುವುದಿಲ್ಲ. ಎದುರಿಗೆ ಬಂದವರನ್ನು "ಕೂತ್ಕೊಳ್ಳಿ" ಅನ್ನುವುದು ಮೊದಲು ನಿಲ್ಲುತ್ತದೆ. ಆಮೇಲೆ ಅವರು ಹೇಳುವುದನ್ನು ಪೂರ್ತಿ ಕೇಳುವುದು ನಿಲ್ಲುತ್ತದೆ. ಎರಡು ವೃತ್ತದ ಪ್ರಭಾರ ಇದ್ದ ನನ್ನ ಗೆಳತಿಯೊಬ್ಬಳು ಬೆಳಿಗ್ಗೆ ಬೈಕ್ ಸ್ಟಾರ್ಟ್ ಮಾಡುವ ಮೊದಲು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಡುತ್ತಿದ್ದಳಂತೆ. "ಮೈ ಸುಸ್ತಾಗಿಲ್ಲ ಕಣೆ, ಯಾವ ಊರಿಗೆ ಹೋಗಲಿ ಅಂತಾನೇ ಗೊತ್ತಾಗಲ್ಲ" ಅಂದಿದ್ದಳು. ನನಗೂ ಆ ದಿಕ್ಕು ತೋಚದ ಬೆಳಗುಗಳು ಗೊತ್ತು.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಅರ್ಜಿ ಮಂಜೂರು ಮಾಡಿದರೂ ವಿಲೇವಾರಿ, ತಿರಸ್ಕರಿಸಿದರೂ ವಿಲೇವಾರಿ. ಪೆಂಡೆನ್ಸಿ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಬೆಲೆ. ದಾಖಲೆ ಕಡಿಮೆ ಇರುವ ಒಬ್ಬ ವಿಧವೆಯ ಅರ್ಜಿಯನ್ನು ಹಿಡಿದಿಟ್ಟುಕೊಂಡು, ಆಕೆಗೆ ಎರಡು ಸಲ ಹೇಳಿ, ಕಾಗದ ತರಿಸಿಕೊಂಡು ಮಾಡಿಕೊಟ್ಟರೆ ಅಷ್ಟು ದಿನವೂ ಅದು ನಮ್ಮ ಲೆಕ್ಕದಲ್ಲಿ ಕೆಂಪು. "ದಾಖಲೆ ಸಾಲದು" ಅಂತ ಒಂದು ಸಾಲು ಬರೆದು ತಳ್ಳಿಬಿಟ್ಟರೆ ಅವತ್ತೇ ಹಸಿರು. ಒಳ್ಳೆಯ ನೌಕರರನ್ನು ಕೆಟ್ಟ ಕೆಲಸದ ಕಡೆಗೆ ತಳ್ಳುವುದು ಇದೇ. ಅಂಥ ಅರ್ಜಿಗಳನ್ನು ಹಿಡಿದಿಟ್ಟುಕೊಂಡು ನೋಟಿಸ್ ತೆಗೆದುಕೊಂಡ ಸಹೋದ್ಯೋಗಿಗಳು ನನಗೆ ಗೊತ್ತು. ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ.

2023ರ ಬರ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕುಗ್ಗಿಸಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ನಮ್ಮದೂ ಅದರಲ್ಲಿತ್ತು. ಶೇಂಗಾ ಗಿಡ ಕಿತ್ತರೆ ಬೇರಿನಲ್ಲಿ ಕಾಯಿ ಇಲ್ಲ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರ್‌ವರೆಗೆ ಪರಿಹಾರ. ಹಣ ನೇರವಾಗಿ ಖಾತೆಗೆ ಬರಬೇಕಾದರೆ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಬೇಕು, ಐಡಿಗೆ ಪಾಣಿ ಜೋಡಣೆ ಆಗಿರಬೇಕು. ಪಾಣಿಯ ಒಂಬತ್ತನೇ ಕಾಲಂನಲ್ಲಿ ಮಾಲೀಕರು ಅಂತ ಇರುವವರು ತೀರಿಕೊಂಡು ಇಪ್ಪತ್ತು ವರ್ಷ ಆಗಿದ್ದರೆ? ಅಂಥ ಮನೆಗಳು ಪ್ರತಿ ಊರಿನಲ್ಲೂ ಇದ್ದವು. ಗಂಡ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದ ಒಬ್ಬ ಹೆಂಗಸು ಮಾವನ ಹೆಸರಿನ ಪಾಣಿ ಹಿಡಿದು ಬಂದಿದ್ದಳು. ಪೌತಿ ಖಾತೆ ಆಗಬೇಕು, ಅಂದರೆ ತೀರಿಕೊಂಡವರ ಹೆಸರಿನ ಖಾತೆ ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ ಅರ್ಜಿ, ಆಮೇಲೆ ತಕರಾರಿಗೆ 30 ದಿನದ ನೋಟಿಸ್. ಅಷ್ಟರಲ್ಲಿ ಪಟ್ಟಿ ಹೋಗಿಬಿಡುತ್ತದೆ. "ಉತ್ತಿದ್ದು ನಾವು, ಬಿತ್ತಿದ್ದು ನಾವು, ಸತ್ತವರ ಹೆಸರಿಗೆ ಬಂದರೆ ಯಾರು ತಗೋತಾರೆ ಮೇಡಂ?" ಅಂತ ಕೇಳಿದಳು. ಪೌತಿ ಕೆಲಸ ಆಗಬೇಕಾಗಿದ್ದು ಬರಕ್ಕಿಂತ ಮೊದಲು. ಅದಕ್ಕೆ ಬೇಕಾದ ಸಮಯವೆಲ್ಲ ಯಾವ ಯಾವುದೋ ವಾರದ ಟಾರ್ಗೆಟ್‌ಗೆ ಹೋಗಿತ್ತು.

ಮುಷ್ಕರದ ಬೇಡಿಕೆ ಪಟ್ಟಿಯಲ್ಲಿ ಏನಿತ್ತು ಅಂತ ಜನ ಕೇಳುತ್ತಾರೆ. ಕೂರಲು ಒಂದು ಕುರ್ಚಿ ಮೇಜು, ಕಂಪ್ಯೂಟರ್, ಪ್ರಿಂಟರ್, ಇಂಟರ್ನೆಟ್. ಹೆಣ್ಣುಮಕ್ಕಳಿಗೆ ಶೌಚಾಲಯ ಇರುವ ಕಚೇರಿ. ಅಂತರ ಜಿಲ್ಲಾ ವರ್ಗಾವಣೆ. ಗಂಡ ಒಂದು ಜಿಲ್ಲೆ, ಹೆಂಡತಿ ಇನ್ನೊಂದು ಜಿಲ್ಲೆ ಅಂತ ವರ್ಷಗಟ್ಟಲೆ ಇರುವವರು ನಮ್ಮಲ್ಲಿ ತುಂಬಾ ಜನ. ಬಡ್ತಿ, ಪ್ರಯಾಣ ಭತ್ಯೆ, ರಜಾ ದಿನ ಕೆಲಸ ಮಾಡಿಸುವುದು ನಿಲ್ಲಬೇಕು, ಮತ್ತೆ ಆ ಆ್ಯಪ್‌ಗಳ ಹೊರೆ ಇಳಿಯಬೇಕು. ಶಾಮಿಯಾನದ ಕೆಳಗೆ ನನ್ನ ಪಕ್ಕ ನಿವೃತ್ತಿಗೆ ಹತ್ತಿರ ಇದ್ದ ಹಿರಿಯರೊಬ್ಬರು ಕೂತಿದ್ದರು. "ಮೊದಲು ಕೆಲಸ ಕಡಿಮೆ ಇತ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಮ್ಮ" ಅಂದರು. "ಜಮಾಬಂದಿ, ವರ್ಷದ ಕಂದಾಯ ಲೆಕ್ಕದ ತಪಾಸಣೆ, ಬಂತು ಅಂದರೆ ರಾತ್ರಿಯೆಲ್ಲ ಲಾಟೀನು ಹಚ್ಕೊಂಡು ಬರೀತಿದ್ವಿ. ಆದರೆ ಹಿಡಿದ ಪುಸ್ತಕ ಮುಗಿಸಿ ಕಟ್ಟಿ ಇಡ್ತಿದ್ವಿ. ಈಗ ಕಟ್ಟಿ ಇಟ್ಟಿದ್ದು ಯಾವುದಿದೆ ಹೇಳು?"

ಅಪ್ಪನಿಗೆ ನಾನು ಹೇಳಬೇಕಾಗಿದ್ದ ಮಾತನ್ನು ಅವರು ಹೇಳಿಬಿಟ್ಟರು ಅನ್ನಿಸಿತು.

ಅಕ್ಟೋಬರ್ ಮೊದಲ ವಾರ ಭರವಸೆ ಸಿಕ್ಕಿ ವಾಪಸ್ ಹೋದೆವು. 2025ರ ಫೆಬ್ರವರಿ 10ರಿಂದ ಮತ್ತೆ ಎರಡನೇ ಹಂತದ ಮುಷ್ಕರ. ಈ ಎರಡೂ ಸಲ ನಿಜವಾಗಿ ಕಷ್ಟಪಟ್ಟಿದ್ದು ಜನ. ಸ್ಕಾಲರ್‌ಶಿಪ್‌ಗೆ ಆದಾಯ ಪ್ರಮಾಣಪತ್ರ ಬೇಕಾದ ಮಕ್ಕಳು, ಸೊಸೈಟಿ ಸಾಲಕ್ಕೆ ನಿಂತ ರೈತರು. ಒಬ್ಬರು ಬಂದು ಬಾಯಿಗೆ ಬಂದಂತೆ ಬೈದು ಹೋದರು. ಇನ್ನೊಬ್ಬರು ಕುಡಿಯಲು ನೀರಿನ ಕ್ಯಾನ್ ತಂದಿಟ್ಟು, "ನಮ್ಮದೂ ಒಂದು ಅರ್ಜಿ ಇದೆ, ವಾಪಸ್ ಬಂದ ತಕ್ಷಣ ನೋಡಿ" ಅಂದರು. ಇಬ್ಬರ ಮೇಲೂ ಬೇಸರ ಇಲ್ಲ.

ಮುಷ್ಕರ ಮುಗಿದ ಮೇಲೆ ಕೆಲವು ಸರಿಯಾದವು. ಲ್ಯಾಪ್‌ಟಾಪ್ ಬಂತು, ಅದು ದೊಡ್ಡ ಸಮಾಧಾನ. ಆ್ಯಪ್‌ಗಳು ಪೂರ್ತಿ ಹೋಗಲಿಲ್ಲ. ನನ್ನ ಮಟ್ಟಿಗೆ ನಿಜವಾದ ಬದಲಾವಣೆ ಆಗಿದ್ದು ನಮ್ಮ ತಾಲ್ಲೂಕಿಗೆ ಹೊಸದಾಗಿ ಬಂದ ತಹಸೀಲ್ದಾರರ ಒಂದು ತೀರ್ಮಾನದಿಂದ. ಆಗ ಪೌತಿ ಖಾತೆ ಆಂದೋಲನ ಶುರುವಾಗಿತ್ತು. ರಾಜ್ಯದಲ್ಲಿ 40 ಲಕ್ಷಕ್ಕೂ ಜಾಸ್ತಿ ಜಮೀನುಗಳು ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇವೆ ಅಂತ ಆಧಾರ್ ಜೋಡಿಸುವಾಗ ಗೊತ್ತಾಗಿತ್ತು. ಎಲ್ಲ ಕಡೆ ದಿನಕ್ಕೆ ಇಷ್ಟು ಅಂತ ಟಾರ್ಗೆಟ್ ಬರುತ್ತದೆ ಅಂದುಕೊಂಡಿದ್ದೆವು. ಇವರು ಸಭೆ ಕರೆದು ಬೇರೆ ಮಾತು ಹೇಳಿದರು. ಪ್ರತಿಯೊಬ್ಬರೂ ಒಂದು ಊರು ಆರಿಸಿಕೊಳ್ಳಿ. ಆ ಊರಿನಲ್ಲಿ ಆಗಬಹುದಾದ ಪೌತಿ ಎಲ್ಲ ಮುಗಿಯುವವರೆಗೆ ಇನ್ನೊಂದು ಊರಿನ ಪೌತಿ ಕೇಳುವುದಿಲ್ಲ. ಬೆಳಿಗ್ಗೆಯಿಂದ ಊಟದವರೆಗೆ ಯಾವ ಸಭೆಯೂ ಇಲ್ಲ, ಫೋನೂ ಇಲ್ಲ. ತುರ್ತು ಇದ್ದರೆ ಆರ್‌ಐಗೆ (ಕಂದಾಯ ನಿರೀಕ್ಷಕರಿಗೆ) ಮಾಡುತ್ತೇನೆ, ನಿಮಗಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಣ್ಣದ ಪಟ್ಟಿ ಹಾಕುವುದು ಬೇಡ, ಯಾರದ್ದಾದರೂ ಹಿಂದೆ ಬಿದ್ದರೆ ನಾನೇ ಕರೆದು ಏನು ತೊಂದರೆ ಅಂತ ಕೇಳುತ್ತೇನೆ.

ಮೊದಲ ವಾರ ನಂಬಿಕೆಯೇ ಬರಲಿಲ್ಲ. ಫೋನ್ ಬರುತ್ತಿಲ್ಲ ಅಂದರೆ ಏನೋ ತಪ್ಪಾಗಿದೆ ಅಂತ ತೆಗೆದು ತೆಗೆದು ನೋಡುತ್ತಿದ್ದೆ.

ನಾನು ಆರಿಸಿಕೊಂಡಿದ್ದು ಆ ಪಾಣಿ ಹಿಡಿದು ಬಂದ ಹೆಂಗಸಿನ ಊರು. ಆಂಜನೇಯನ ಗುಡಿ ಕಟ್ಟೆ ಮೇಲೆ ಕೂತೆವು. ಭೂಮಿಯಿಂದ ತೆಗೆದ ಪಟ್ಟಿಯಲ್ಲಿ ತೀರಿಕೊಂಡವರ ಹೆಸರು ಒಂದೊಂದೇ ಓದಿದೆ. ಕಟ್ಟೆ ಮೇಲಿದ್ದ ಹಿರಿಯರು ಒಬ್ಬೊಬ್ಬರ ಕಥೆ ಹೇಳುತ್ತಾ ಹೋದರು. ಯಾರು ಯಾವ ವರ್ಷದ ಬರದಲ್ಲಿ ಹೋದರು, ಯಾರಿಗೆ ಎಷ್ಟು ಮಕ್ಕಳು, ಯಾವ ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ. ಶಾಲೆಯ ಮೇಷ್ಟ್ರಿಂದ ಡ್ರಾಯಿಂಗ್ ಹಾಳೆ ತಂದು ಪೆನ್ಸಿಲಿನಲ್ಲಿ ವಂಶವೃಕ್ಷ ಬರೆದೆ. ಒಂದು ಹೆಸರು ಬಿಟ್ಟರೆ ಪಕ್ಕದಿಂದ ಯಾರೋ ತಿದ್ದುತ್ತಿದ್ದರು. "ಅವರಿಗೆ ಇನ್ನೊಬ್ಬಳು ಮಗಳಿದ್ದಳಲ್ಲ, ಚಳ್ಳಕೆರೆ ಕಡೆಗೆ ಕೊಟ್ಟಿದ್ದು, ಬರ್ಕೊಳ್ಳಿ." ಆಫೀಸಿನಲ್ಲಿ ಕೂತು ತಿಂಗಳುಗಟ್ಟಲೆ ನೋಟಿಸ್ ಕಳಿಸಿದರೂ ಸಿಗದ ಮಾಹಿತಿ ಬೆಳಗಿನ ಹೊತ್ತಿನಲ್ಲಿ ಸಿಗುತ್ತಿತ್ತು.

ಗಂಟು ಬೀಳುತ್ತಿದ್ದದ್ದು ಹೆಣ್ಣುಮಕ್ಕಳ ಹೆಸರಿನ ಹತ್ತಿರ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಎಲ್ಲ ಬಂದು ಮಗಳಿಗೂ ಸಮ ಪಾಲು ಅಂತ ಆಗಿದೆ. ಪೌತಿಯಲ್ಲಿ ವಾರಸುದಾರರೆಲ್ಲರ ಹೆಸರೂ ಬರಬೇಕು. "ಅವರು ಮದುವೆ ಆಗಿ ಹೋಗಿದ್ದಾರೆ, ಹೆಸರು ಯಾಕೆ?" ಅಂತ ಅಣ್ಣತಮ್ಮಂದಿರು ಕೇಳುತ್ತಾರೆ. ಮೊದಲಾಗಿದ್ದರೆ "ತಕರಾರು ಇದೆ" ಅಂತ ಬರೆದು ಮುಂದೆ ಹೋಗಬೇಕಾಗುತ್ತಿತ್ತು. ಈಗ ಕೂತು ಮಾತಾಡಲು ಸಮಯ ಇತ್ತು. ಒಂದು ಮನೆಯಲ್ಲಿ ತಮ್ಮ ಒಪ್ಪಲೇ ಇಲ್ಲ. ಅಕ್ಕನಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದೆವು. "ನನಗೆ ಜಮೀನು ಬೇಡ ಕಣೋ, ಅಪ್ಪನ ಪಾಣೀಲಿ ನನ್ನ ಹೆಸರೂ ಇರಲಿ ಅಷ್ಟೇ" ಅಂದಳು. ತಮ್ಮ ತಲೆ ಕೆರೆದುಕೊಂಡು ಸಹಿ ಹಾಕಿದ. ಮುಂದೆ ಬೇಕಾದರೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಿಕೊಳ್ಳುವುದು ಅವರ ಅವರ ಇಷ್ಟ, ಅದು ಬೇರೆ ವ್ಯವಹಾರ ಅಂತ ಇಬ್ಬರಿಗೂ ತಿಳಿಸಿ ಹೇಳಿದೆ.

ಹಳೆಯ ಸಾವುಗಳದ್ದು ಇನ್ನೊಂದು ಕಷ್ಟ. ಮರಣ ಪ್ರಮಾಣಪತ್ರವೇ ಇರುವುದಿಲ್ಲ. ವರ್ಷ ದಾಟಿದ ಸಾವನ್ನು ನೋಂದಣಿ ಮಾಡಿಸಬೇಕಾದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಅಂಥವನ್ನೆಲ್ಲ ಒಂದು ಕಟ್ಟು ಮಾಡಿ ಒಟ್ಟಿಗೆ ಕಳಿಸಿದೆವು. ಕೋರ್ಟಿನಲ್ಲಿ ದಾವೆ ಇರುವವು, ಮೂಲ ಸರ್ವೆಯೇ ತಪ್ಪಿರುವವು ಹಾಗೇ ಉಳಿದವು. ಅವು ಒಂದೆರಡು ತಿಂಗಳಲ್ಲಿ ಆಗುವಂಥವಲ್ಲ.

ಆ ಹೆಂಗಸಿನ ಮನೆಯ ಪಾಣಿಯಲ್ಲಿ ಈಗ ಗಂಡನ ಹೆಸರು, ಇಬ್ಬರು ನಾದಿನಿಯರ ಹೆಸರು ಇದೆ. ಫ್ರೂಟ್ಸ್‌ಗೂ ಜೋಡಣೆ ಆಗಿದೆ. ಕಳೆದ ಬರದ ಪರಿಹಾರ ಅವರಿಗೆ ಸಿಗಲಿಲ್ಲ, ಅದು ಹೋದದ್ದು ಹೋಯಿತು. ಬೆಳೆ ವಿಮೆಯ ಕಂತು ಕಟ್ಟಿದ್ದೇವೆ ಅಂತ ಮಾತ್ರ ಗಂಡ ಬಂದು ಹೇಳಿದ.

ಆ ತಿಂಗಳುಗಳಲ್ಲಿ ನನ್ನ ಕೆಲಸದ ಗಂಟೆ ಕಡಿಮೆ ಆಗಲಿಲ್ಲ. ಗುಡಿ ಕಟ್ಟೆಯಿಂದ ಎದ್ದು, ಮಧ್ಯಾಹ್ನದ ಮೇಲೆ ಉಳಿದ ಅರ್ಜಿ ನೋಡಿ, ರಾತ್ರಿ ಮನೆಯಲ್ಲಿ ಲ್ಯಾಪ್‌ಟಾಪ್ ತೆಗೆದದ್ದೂ ಉಂಟು. ಆದರೆ ಬೆಳಿಗ್ಗೆ ಬೈಕ್ ಹತ್ತುವಾಗ ಎಲ್ಲಿಗೆ ಹೋಗಬೇಕು, ಯಾಕೆ ಅಂತ ಗೊತ್ತಿರುತ್ತಿತ್ತು. ಜಿಲ್ಲೆಯಲ್ಲಿ ನಮಗೆ ಒತ್ತಡ ನಿರ್ವಹಣೆಯ ತರಬೇತಿ ಕೊಟ್ಟಿದ್ದರು. ಪ್ರಾಣಾಯಾಮ ಹೇಳಿಕೊಟ್ಟರು, ಒಳ್ಳೆಯದೇ, ಈಗಲೂ ಮಾಡುತ್ತೇನೆ. ಆದರೆ ಹೊರೆ ಹೇರುವ ರೀತಿ ಬದಲಾಗದೆ ಹೊರುವವರಿಗೆ ಉಸಿರಾಟ ಕಲಿಸಿದರೆ ಎಷ್ಟು ದಿನ ನಡೆಯುತ್ತದೆ? ಕೆಲಸ ಮಾಡುವ ಮನಸ್ಸು ನಮ್ಮಲ್ಲಿ ಇಲ್ಲದೇ ಇದ್ದದ್ದಲ್ಲ. ಹಿಡಿದದ್ದನ್ನು ಮುಗಿಸಲು ಬಿಡುತ್ತಿರಲಿಲ್ಲ, ಅಷ್ಟೇ. ಇದಕ್ಕೆ ಹೆಚ್ಚುವರಿ ಬಜೆಟ್ ಬೇಕಾಗಲಿಲ್ಲ, ಹೊಸ ಆದೇಶವೂ ಬೇಕಾಗಲಿಲ್ಲ. ಒಬ್ಬ ಅಧಿಕಾರಿ ತನ್ನ ಮೇಲಿನವರ ಒತ್ತಡವನ್ನು ತಾನೇ ತಡೆದು ನಿಂತರು. ಅವರು ಮೇಲೆ ಏನೇನು ಕೇಳಿಸಿಕೊಂಡರೋ, ನಮ್ಮ ಹತ್ತಿರ ಒಂದು ದಿನವೂ ಹೇಳಲಿಲ್ಲ.

ಇದರಿಂದ ಎಲ್ಲ ಸರಿಹೋಯಿತು ಅಂತ ಹೇಳಲಾರೆ. ರಾಜ್ಯ ಸರ್ಕಾರದಲ್ಲಿ ಒಟ್ಟು 2.5 ಲಕ್ಷಕ್ಕೂ ಜಾಸ್ತಿ ಹುದ್ದೆ ಖಾಲಿ ಇವೆ. ಖಾಲಿ ಹುದ್ದೆಯ ಕೆಲಸ ಖಾಲಿ ಇರುವುದಿಲ್ಲ ಅಲ್ವಾ, ಅದು ಪಕ್ಕದ ಕುರ್ಚಿಗೆ ಬಂದು ಕೂರುತ್ತದೆ. ನನ್ನ ಗೆಳತಿಗೆ ಎರಡನೇ ವೃತ್ತದ ಪ್ರಭಾರ ಹಾಗೇ ಬಂದದ್ದು. ಆ ತಹಸೀಲ್ದಾರರಿಗೂ ವರ್ಗಾವಣೆ ಆಯಿತು. ಹೊಸಬರು ಬೆಳಗಿನ ಸಭೆ ಬೇಡ ಅನ್ನುವುದನ್ನು ಉಳಿಸಿಕೊಂಡಿದ್ದಾರೆ, ಬಣ್ಣದ ಪಟ್ಟಿ ಮತ್ತೆ ಶುರುವಾಗಿದೆ. ನಾವು ನಾಲ್ಕೈದು ಜನ ಸೇರಿ ಅವರ ಹತ್ತಿರ ಹೋಗಿ, ಒಂದು ಊರು ಹಿಡಿದರೆ ಆ ಊರು ಮುಗಿಸುವ ಪದ್ಧತಿ ಮುಂದುವರಿಸಿ ಅಂತ ಬರಹದಲ್ಲೇ ಕೇಳಿದ್ದೇವೆ. ಹಿಂದಿನ ಊರಿನ ಲೆಕ್ಕವನ್ನೂ ಜೊತೆಗೆ ಇಟ್ಟಿದ್ದೇವೆ: ಎಷ್ಟು ಪೌತಿ ಆಯಿತು, ಎಷ್ಟು ತಕರಾರಿಲ್ಲದೆ ಆಯಿತು, ಯಾವುವು ಯಾಕೆ ಉಳಿದವು. ಓದಿ ಹೇಳುತ್ತೇನೆ ಅಂದಿದ್ದಾರೆ.

2024ರಲ್ಲಿ 1000 ವಿಎ ಹುದ್ದೆಗೆ ಪರೀಕ್ಷೆ ನಡೆಯಿತು. ಲಕ್ಷಗಟ್ಟಲೆ ಹುಡುಗ ಹುಡುಗಿಯರ ನಡುವೆ ಆಯ್ಕೆಯಾಗಿ ಬಂದವರು ಇವರು. ನಮ್ಮ ಪಕ್ಕದ ವೃತ್ತಕ್ಕೂ ಒಬ್ಬಳು ಬರುತ್ತಾಳೆ ಅಂತಿದ್ದಾರೆ. ಬಂದರೆ ಮೊದಲ ದಿನವೇ ಅವಳನ್ನು ಆ್ಯಪ್‌ಗಳ ಮುಂದೆ ಕೂರಿಸುವುದು ಬೇಡ ಅಂತ ಆರ್‌ಐಗೆ ಹೇಳಿಟ್ಟಿದ್ದೇನೆ. ಒಂದು ಪೌತಿ ಅರ್ಜಿ ಕೊಟ್ಟು, ಆ ಮನೆಗೆ ಕರೆದುಕೊಂಡು ಹೋಗಿ, ಕಟ್ಟೆ ಮೇಲಿನ ಹಿರಿಯರ ಹತ್ತಿರ ಕೂರಿಸಿ, ಪಾಣಿ ಕೈಗೆ ಬರುವವರೆಗೆ ಪೂರ್ತಿ ಅವಳ ಕೈಯಲ್ಲೇ ಮಾಡಿಸಬೇಕು. ಲಾಗಿನ್ ಐಡಿ ಎರಡು ವಾರ ತಡವಾದರೆ ಏನೂ ಆಗುವುದಿಲ್ಲ.